ಮೂವತ್ತು ಟನ್ ಎತ್ತುವ ಹೆಲಿಕಾಪ್ಟರಿನ ವಿನ್ಯಾಸ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ನಾನು ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಲೇತ್ ಕೆಲಸ, ಗೇರ್ ಹಲ್ಲು ಕತ್ತರಿಸುವುದು, ಆಲೆಮನೆ ಗಾಣಗಳ ರಿಪೇರಿ ನಮ್ಮ ಕಸುಬು. ಮಗಳು ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅವಳೂ ಮೂವರು ಸಹಪಾಠಿಗಳೂ ಸೇರಿ ಮೂವತ್ತು ಟನ್ ಹೊರೆ ಎತ್ತುವ ಸಾಗಣೆ ಹೆಲಿಕಾಪ್ಟರಿನ ಪ್ರಸ್ತಾವಿತ ವಿನ್ಯಾಸವನ್ನು ಪ್ರಾಜೆಕ್ಟ್ ಆಗಿ ಆರಿಸಿಕೊಂಡಿದ್ದಾರೆ. ಭೂಕುಸಿತ, ಪ್ರವಾಹದ ವೇಳೆ ಜೆಸಿಬಿ, ಸೇತುವೆ ಸಾಮಗ್ರಿ ಸಾಗಿಸಬೇಕೆಂಬುದು ಅವರ ಉದ್ದೇಶ. ‘ಧ್ರುವ್ ಹೆಲಿಕಾಪ್ಟರನ್ನೇ ದೊಡ್ಡದು ಮಾಡಿ, ಎಂಜಿನ್ ಹೆಚ್ಚಿಸಿದರಾಯಿತು’ ಎಂದು ಒಬ್ಬರೆಂದರೆ, ‘ಡ್ರೋನಿನಂತೆ ಎಂಟು ರೋಟರ್ ಇಡಿ’ ಎಂದು ಇನ್ನೊಬ್ಬರು ಹೇಳುತ್ತಾರೆ. ರಷ್ಯಾದ ಎಂಐ-26ಕ್ಕಿಂತ ದೊಡ್ಡದನ್ನು ಇಷ್ಟು ವರ್ಷವಾದರೂ ಯಾರೂ ತಯಾರಿಸುತ್ತಿಲ್ಲವೆಂದರೆ ಅದು ಆಗದ ಕೆಲಸವೆಂದೇ ಅರ್ಥ, ವಿಷಯ ಬದಲಿಸಿ ಎನ್ನುವವರೂ ಇದ್ದಾರೆ. ಎಂಜಿನ್ ನಿಂತರೆ ಇಂಥ ಯಂತ್ರ ಕಲ್ಲಿನಂತೆ ಬೀಳುವುದಿಲ್ಲವೇ, ಹಳ್ಳಿಯ ಪಕ್ಕ ಇಳಿದರೆ ಅದರ ಗಾಳಿಗೆ ಮನೆಗಳ ಗತಿಯೇನು ಎಂಬ ಅನುಮಾನ ನನಗೂ ಇದೆ. ಮಗಳ ಒಂದು ವರ್ಷ ವ್ಯರ್ಥವಾಗಬಾರದೆಂಬ ಕಳಕಳಿಯಿಂದ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿರುವ ನಿಜವಾದ ಆತಂಕ, ವಿಷಯವೇ ಅಸಾಧ್ಯವಾದದ್ದಾಗಿದ್ದರೆ ಮಕ್ಕಳ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ ಎಂಬುದು. ಮೊದಲೇ ಹೇಳಿಬಿಡುತ್ತೇನೆ: ವಿಷಯ ಅಸಾಧ್ಯವಾದದ್ದಲ್ಲ, ಬದಲಿಸುವ ಅಗತ್ಯವೂ ಇಲ್ಲ. ಆದರೆ ಅವರು ವಿನ್ಯಾಸವನ್ನು ಎಂಜಿನ್‌ನಿಂದ ಆರಂಭಿಸಿದ್ದರೆ ಅದನ್ನು ಪಕ್ಕಕ್ಕಿಟ್ಟು ಗೇರ್‌ಬಾಕ್ಸಿನಿಂದ ಆರಂಭಿಸಬೇಕು. ಹೆಲಿಕಾಪ್ಟರುಗಳ ಗೇರ್‌ಬಾಕ್ಸ್ ವಿನ್ಯಾಸವೇ ನನ್ನ ವೃತ್ತಿಯಾಗಿದ್ದುದರಿಂದ ಹೀಗೆ ಹೇಳುತ್ತಿದ್ದೇನೆ ಎಂದು ನಿಮಗನ್ನಿಸಬಹುದು. ಲೆಕ್ಕ ಮುಂದಿಡುತ್ತೇನೆ, ನೀವೇ ನೋಡಿ.

ಹೆಲಿಕಾಪ್ಟರಿನ ರೋಟರ್ ಬ್ಲೇಡಿನ ತುದಿ ಸೆಕೆಂಡಿಗೆ ಸುಮಾರು 220 ಮೀಟರಿನ ವೇಗದಲ್ಲಿ ಸುತ್ತುತ್ತದೆ. ಇದನ್ನು ಬಹಳ ಹೆಚ್ಚಿಸಲು ಬರುವುದಿಲ್ಲ, ಏಕೆಂದರೆ ಮುಂದಕ್ಕೆ ಹಾರುವಾಗ ಒಂದು ಬದಿಯ ಬ್ಲೇಡಿಗೆ ಹಾರಾಟದ ವೇಗವೂ ಕೂಡಿಕೊಂಡು ತುದಿ ಶಬ್ದದ ವೇಗವನ್ನು ಸಮೀಪಿಸುತ್ತದೆ. ಹಾಗಾಗಿ ರೋಟರ್ ಎಷ್ಟು ದೊಡ್ಡದಾಗುತ್ತದೆಯೋ ಅಷ್ಟು ನಿಧಾನವಾಗಿ ಅದು ಸುತ್ತಬೇಕಾಗುತ್ತದೆ. ಧ್ರುವ್‌ನ ರೋಟರ್ ವ್ಯಾಸ 13.2 ಮೀಟರ್, ಗರಿಷ್ಠ ಹಾರಾಟ ತೂಕ 5.5 ಟನ್. ವ್ಯಾಸವನ್ನು ಇಮ್ಮಡಿ ಮಾಡಿದರೆ ರೋಟರಿನ ವಿಸ್ತೀರ್ಣ ನಾಲ್ಕು ಪಟ್ಟಾಗಿ 22 ಟನ್ ಎತ್ತಬಹುದು, ಅದಕ್ಕೆ ಬೇಕಾದ ಶಕ್ತಿಯೂ ನಾಲ್ಕು ಪಟ್ಟು. ಆದರೆ ಸುತ್ತುವ ವೇಗ ಅರ್ಧಕ್ಕಿಳಿದಿರುತ್ತದೆ. ನಾಲ್ಕು ಪಟ್ಟು ಶಕ್ತಿಯನ್ನು ಅರ್ಧ ವೇಗದಲ್ಲಿ ದಾಟಿಸಬೇಕೆಂದರೆ ರೋಟರ್ ಶಾಫ್ಟಿನ ಮೇಲಿನ ಟಾರ್ಕ್, ಅಂದರೆ ತಿರುಚುವ ಬಲ, ಎಂಟು ಪಟ್ಟಾಗುತ್ತದೆ. ಗೇರ್‌ಬಾಕ್ಸಿನ ತೂಕ ಬಹುಮಟ್ಟಿಗೆ ಈ ಟಾರ್ಕಿನ ಹಿಂದೆಯೇ ಏರುತ್ತದೆ. ಬ್ಲೇಡನ್ನೂ ಅದೇ ಆಕಾರದಲ್ಲಿ ಹಿಗ್ಗಿಸಿದರೆ ತೂಕ ಎಂಟು ಪಟ್ಟು. ಎತ್ತುವ ಸಾಮರ್ಥ್ಯ ನಾಲ್ಕು ಪಟ್ಟಾದಾಗ ಎತ್ತುವ ಅಂಗಗಳ ತೂಕವೇ ಎಂಟು ಪಟ್ಟಾಗುವ ಈ ಅಸಮತೋಲನವೇ ದೊಡ್ಡ ಹೆಲಿಕಾಪ್ಟರುಗಳ ಮೂಲ ಸಮಸ್ಯೆ. ಧ್ರುವ್ ಚಿತ್ರವನ್ನು ಹಿಗ್ಗಿಸಿದರೆ ಸಾಲದು ಎನ್ನುವುದಕ್ಕೆ ಕಾರಣ ಇಷ್ಟೇ.

ಇದು ನಿಮಗೆ ನಿಮ್ಮ ಮಗಳಿಗಿಂತ ಬೇಗ ಅರ್ಥವಾಗುತ್ತದೆ. ಆಲೆಮನೆಯಲ್ಲಿ ಮೋಟಾರು ವೇಗವಾಗಿ ತಿರುಗುತ್ತದೆ, ಅದನ್ನು ಒಬ್ಬಿಬ್ಬರು ಎತ್ತಿಡಬಹುದು; ಅದೇ ಶಕ್ತಿ ನಿಧಾನವಾಗಿ ಸುತ್ತುವ ಗಾಣದ ಉರುಳೆಗೆ ತಲಪುವ ಹೊತ್ತಿಗೆ ಎರಕದ ಹಲ್ಲುಚಕ್ರಗಳು ಎಷ್ಟು ದಪ್ಪವಾಗಿರುತ್ತವೆ ಎಂಬುದನ್ನು ನೀವು ಕೈಯಾರೆ ಬಲ್ಲಿರಿ. ಎಂಐ-26ರಲ್ಲಿ ನಿಮಿಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೈನ್ ಶಾಫ್ಟಿನಿಂದ ನಿಮಿಷಕ್ಕೆ 132 ಸುತ್ತಿನ ರೋಟರಿಗೆ ಶಕ್ತಿ ಇಳಿಯಬೇಕು. ಅದರ ಎರಡು ಎಂಜಿನ್‌ಗಳ ಶಕ್ತಿ ತಲಾ 11,400 ಅಶ್ವಶಕ್ತಿ, ಒಟ್ಟು 22,800. ಆದರೆ ಮುಖ್ಯ ಗೇರ್‌ಬಾಕ್ಸ್ ದಾಟಿಸಬಲ್ಲದ್ದು ಸುಮಾರು 20,000 ಅಶ್ವಶಕ್ತಿ ಮಾತ್ರ. ಎಂಜಿನ್‌ನಲ್ಲಿ ಇನ್ನೂ ಶಕ್ತಿಯಿದ್ದರೂ ಗೇರ್‌ಬಾಕ್ಸ್ ಒಪ್ಪುವುದಿಲ್ಲ. ಆ ಗೇರ್‌ಬಾಕ್ಸ್ ಒಂದರ ತೂಕವೇ ಮೂರೂವರೆ ಟನ್‌ಗಿಂತ ಹೆಚ್ಚು. ಇದಾದ ಮೇಲೂ ‘ಎಂಜಿನ್ ಹೆಚ್ಚಿಸಿದರಾಯಿತು’ ಎನ್ನುವ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ.

ಈಗ ಮೂವತ್ತು ಟನ್‌ನ ಲೆಕ್ಕಕ್ಕೆ ಬರೋಣ. ಎಂಐ-26ರ ಗರಿಷ್ಠ ತೂಕ 56 ಟನ್, ಹೊರೆ 20 ಟನ್, ಖಾಲಿ ತೂಕ 28 ಟನ್‌ನಷ್ಟು, ರೋಟರ್ ವ್ಯಾಸ 32 ಮೀಟರ್, ಬ್ಲೇಡುಗಳು ಎಂಟು. ಇದೇ ಅನುಪಾತದಲ್ಲಿ ಮೂವತ್ತು ಟನ್ ಹೊರಬೇಕೆಂದರೆ ಒಟ್ಟು ತೂಕ 84 ಟನ್, ರೋಟರ್ ವ್ಯಾಸ 39 ಮೀಟರ್ ದಾಟುತ್ತದೆ. ಟಾರ್ಕ್ ಎಂಐ-26ರ ಸುಮಾರು 1.84 ಪಟ್ಟಾಗಿ, ಗೇರ್‌ಬಾಕ್ಸ್ ಆರೂವರೆ ಟನ್ ಮೀರುತ್ತದೆ. ಹೊರೆ ಒಂದೂವರೆ ಪಟ್ಟು, ಗೇರ್‌ಬಾಕ್ಸ್ ಹೆಚ್ಚೂಕಡಿಮೆ ಇಮ್ಮಡಿ. ಅಂದರೆ ಆರಂಭದಲ್ಲಿ ಹಿಡಿದ ಅನುಪಾತವೇ ಕೈಜಾರಿ 84 ಟನ್ ಎಂಬ ಅಂಕಿ ಇನ್ನೂ ಮೇಲಕ್ಕೆ ಹೋಗುತ್ತದೆ. ಒಂದೇ ರೋಟರಿನ ದಾರಿ ಇಲ್ಲಿ ಕಡಿದಾಗುತ್ತದೆ.

ಅದೇ 84 ಟನ್ ತೂಕವನ್ನು ಎರಡು ರೋಟರುಗಳಿಗೆ ಹಂಚಿ ನೋಡಿ. ಒಂದೊಂದು ರೋಟರಿನ ವ್ಯಾಸ 28 ಮೀಟರಿನೊಳಗೆ ಬರುತ್ತದೆ, ಒಂದೊಂದರ ಟಾರ್ಕ್ ಎಂಐ-26ರ ಟಾರ್ಕಿನ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ. ಜಗತ್ತಿನಲ್ಲಿ ಈಗಾಗಲೇ ಮಾಡಿ, ಓಡಿಸಿ, ಸವೆಸಿ ನೋಡಿದ ಗೇರಿನ ಅಳತೆಯೊಳಗೇ ನಾವು ಉಳಿದೆವು. ಎರಡರ ಟಾರ್ಕ್ ಕೂಡಿಸಿದರೂ ಒಂಟಿ ರೋಟರಿಗೆ ಬೇಕಾಗಿದ್ದುದಕ್ಕಿಂತ ಶೇ 30ರಷ್ಟು ಉಳಿತಾಯ. ನಿಮ್ಮ ಮಗಳ ತಂಡಕ್ಕೆ ನಾನು ಸೂಚಿಸುವ ದಾರಿ ಇದೇ: ಹಿಂದೆ ಮುಂದೆ ಒಂದೊಂದು ರೋಟರ್, ಅಂದರೆ ಟ್ಯಾಂಡೆಮ್ ಜೋಡಣೆ. 2019ರ ಮಾರ್ಚ್ 25ರಂದು ಚಂಡೀಗಡದಲ್ಲಿ ನಮ್ಮ ವಾಯುಪಡೆ ಸೇರಿದ ಚಿನೂಕ್ ಇದೇ ಬಗೆಯದು. ಇದರಲ್ಲಿ ಬಾಲದ ರೋಟರಿಗೆ ಶಕ್ತಿ ಸುರಿಯಬೇಕಾಗಿಲ್ಲ, ಹೊರೆ ತುಸು ಹಿಂದೆ ಮುಂದೆ ಇದ್ದರೂ ಯಂತ್ರ ಸಹಿಸಿಕೊಳ್ಳುತ್ತದೆ.

ಈ ದಾರಿಯ ಅಪಾಯವನ್ನೂ ಬಿಚ್ಚಿಯೇ ಹೇಳಬೇಕು. ಎರಡು ರೋಟರುಗಳ ವೃತ್ತಗಳು ಮಧ್ಯದಲ್ಲಿ ಒಂದರ ಮೇಲೊಂದು ಹಾಯುತ್ತವೆ. ಒಂದರ ಬ್ಲೇಡುಗಳ ನಡುವೆ ಇನ್ನೊಂದರ ಬ್ಲೇಡು ಬರುವಂತೆ ಅವೆರಡನ್ನೂ ಒಂದು ಉದ್ದನೆಯ ಶಾಫ್ಟ್ ಬಂಧಿಸಿಡುತ್ತದೆ. ಆ ಬಂಧ ಎಲ್ಲಿ ತಪ್ಪಿದರೂ ಬ್ಲೇಡುಗಳು ಪರಸ್ಪರ ಬಡಿಯುತ್ತವೆ. 1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ಬಳಿ, ತೈಲ ಬಾವಿಯ ಕೆಲಸಗಾರರನ್ನು ಕರೆತರುತ್ತಿದ್ದ ನಾಗರಿಕ ಚಿನೂಕ್ ಸಮುದ್ರಕ್ಕೆ ಬಿದ್ದು 45 ಜನ ಸತ್ತರು, ಇಬ್ಬರಷ್ಟೇ ಉಳಿದರು. ಮುಂದಿನ ಗೇರ್‌ಬಾಕ್ಸಿನ ಒಂದು ಬೆವೆಲ್ ರಿಂಗ್ ಗೇರ್ (ಶಕ್ತಿಯ ದಿಕ್ಕು ತಿರುಗಿಸುವ ಓರೆಹಲ್ಲಿನ ಚಕ್ರ) ಲೋಹಬಳಲಿಕೆಯಿಂದ, ಅಂದರೆ ಮತ್ತೆ ಮತ್ತೆ ಬೀಳುವ ಹೊರೆಗೆ ಲೋಹ ಸೋತು, ಬಿರುಕುಬಿಟ್ಟದ್ದೇ ಕಾರಣ. ಒಂಟಿ ರೋಟರಾದರೆ ಈ ಭಯವಿಲ್ಲ ಎಂದುಕೊಳ್ಳಬೇಡಿ. 2016ರ ಏಪ್ರಿಲ್ 29ರಂದು ನಾರ್ವೆಯ ಟುರೋಯ್ ದ್ವೀಪದ ಬಳಿ ಒಂದೇ ರೋಟರಿನ ಹೆಲಿಕಾಪ್ಟರಿನ ಗೇರ್‌ಬಾಕ್ಸಿನಲ್ಲಿ ಪ್ಲಾನೆಟ್ ಗೇರ್ (ನಡುವಿನ ಗೇರಿನ ಸುತ್ತ ಸುತ್ತುವ ಸಣ್ಣ ಗೇರ್) ಬಿರುಕುಬಿಟ್ಟು ಇಡೀ ರೋಟರೇ ಕಳಚಿಹೋಯಿತು, 13 ಜನ ಸತ್ತರು. ಎಂಜಿನ್ ಎರಡು ಮೂರು ಇಡಬಹುದು, ರೋಟರಿಗೆ ಹೋಗುವ ಕೊನೆಯ ಗೇರಿಗೆ ಬದಲಿ ಇಡಲಾಗುವುದಿಲ್ಲ. ನನ್ನ ಕೆಲಸದ ಉದ್ದಕ್ಕೂ ಈ ಮಾತು ನನ್ನೆದುರಿಗಿತ್ತು. ಮಗಳ ವರದಿಯಲ್ಲೂ ಗೇರಿನ ಉಕ್ಕಿನ ಶುದ್ಧತೆ, ಮೇಲ್ಮೈ ಗಡಸುಗೊಳಿಸುವ ಬಗೆ, ಎಣ್ಣೆಯಲ್ಲಿನ ಲೋಹದ ಪುಡಿ ಪತ್ತೆಹಚ್ಚುವ ವ್ಯವಸ್ಥೆ, ಎಣ್ಣೆ ಪೂರ್ತಿ ಸೋರಿಹೋದರೂ ಅರ್ಧ ಗಂಟೆ ಓಡಬಲ್ಲ ಸಾಮರ್ಥ್ಯ ಇವುಗಳಿಗೆ ಒಂದು ಅಧ್ಯಾಯವೇ ಇರಲಿ. ಹತ್ತಾರು ಸಾವಿರ ಅಶ್ವಶಕ್ತಿ ದಾಟುವಾಗ ಶೇ 2ರಷ್ಟು ಹಲ್ಲುಗಳ ಉಜ್ಜಾಟದಲ್ಲಿ ಸೋರಿದರೂ ಅದು ನೂರಾರು ಕಿಲೋವಾಟ್ ಶಾಖ. ಅದನ್ನು ಹೊರಹಾಕುವ ಎಣ್ಣೆ, ಪಂಪು, ಕೂಲರುಗಳ ತೂಕವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ.

ಇಂಥದೇ ಒಂದು ಪ್ರಯತ್ನದ ಕಥೆಯನ್ನು ಅವರು ಓದಲೇಬೇಕು. ಅಮೆರಿಕದ ಬೋಯಿಂಗ್ ವರ್ಟಾಲ್ ಸಂಸ್ಥೆ 1970ರ ದಶಕದಲ್ಲಿ ಎಕ್ಸ್‌ಸಿಎಚ್-62 ಎಂಬ ಟ್ಯಾಂಡೆಮ್ ಹೆಲಿಕಾಪ್ಟರನ್ನು ಕಟ್ಟುತ್ತಿತ್ತು. ಮೂರು ಎಂಜಿನ್, 28 ಮೀಟರಿನ ಎರಡು ರೋಟರ್, 20 ಟನ್‌ಗೂ ಮೀರಿದ ಹೊರೆ. ಮೇಲೆ ನಾವು ಹಾಕಿದ ರೋಟರ್ ಅಳತೆಗೆ ಅದು ತೀರ ಹತ್ತಿರ. ತೂಕ ಉಳಿಸಲು ತೆಳುವಾಗಿ ರೂಪಿಸಿದ್ದ ಬೆವೆಲ್ ಗೇರುಗಳ ಹಲ್ಲುಗಳು ಪರೀಕ್ಷೆಯಲ್ಲಿ ಮುರಿದವು. ಗೇರಿನ ಅಂಚಿಗೆ ಸಾಕಷ್ಟು ಬಿಗುವಿಲ್ಲದಿದ್ದರೆ ಹೊರೆಯಲ್ಲಿ ಅದು ಬಾಗಿ, ಹಲ್ಲು ಹಲ್ಲಿಗೆ ತಾಗುವ ಜಾಗವೇ ತಪ್ಪುತ್ತದೆ. ಸರಿಪಡಿಸುವ ಕೆಲಸ ನಡೆದಿರುವಾಗಲೇ ಹಣ ನಿಂತಿತು, ಬಹುಪಾಲು ಸಿದ್ಧವಾಗಿದ್ದ ಮಾದರಿ ಒಮ್ಮೆಯೂ ಹಾರಲಿಲ್ಲ.

ಇದರಿಂದ ಎಂಐ-26ಕ್ಕಿಂತ ದೊಡ್ಡದು ಆಗದ ಮಾತು ಎಂದು ತೀರ್ಮಾನಿಸುವುದೂ ತಪ್ಪು. ಎಂಐ-26 ಮೊದಲು ಹಾರಿದ್ದು 1977ರ ಡಿಸೆಂಬರಿನಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ, 1969ರ ಆಗಸ್ಟ್ 6ರಂದು, ಅದೇ ಮಿಲ್ ಸಂಸ್ಥೆಯ ವಿ-12 ಎಂಬ ಹೆಲಿಕಾಪ್ಟರ್ 44,205 ಕಿಲೋ ಹೊರೆಯನ್ನು 2,255 ಮೀಟರ್ ಎತ್ತರಕ್ಕೆ ಒಯ್ದಿತ್ತು. ಅದರ ರೋಟರುಗಳು ಎಡಕ್ಕೊಂದು ಬಲಕ್ಕೊಂದು, ತಲಾ 35 ಮೀಟರ್ ವ್ಯಾಸ. ಗಮನಿಸಬೇಕಾದ ಜಾಣತನವೆಂದರೆ ಅವರು ಹೊಸ ದೈತ್ಯ ಗೇರ್‌ಬಾಕ್ಸ್ ಮಾಡಹೋಗಲಿಲ್ಲ. ಆಗಲೇ ಬಳಕೆಯಲ್ಲಿದ್ದ ಎಂಐ-6 ಹೆಲಿಕಾಪ್ಟರಿನ ರೋಟರ್ ವ್ಯವಸ್ಥೆಯನ್ನೇ ಎರಡು ಸೇರಿಸಿದರು. ಕಟ್ಟಿದ್ದು ಎರಡೇ ಯಂತ್ರ. ಕ್ಷಿಪಣಿ ಸಾಗಣೆಗೆಂದು ಅದನ್ನು ಕೇಳಲಾಗಿತ್ತು, ಆ ಅಗತ್ಯವೇ ಮುಗಿದುಹೋದದ್ದರಿಂದ ತಯಾರಿಕೆ ಮುಂದುವರಿಯಲಿಲ್ಲ. ಯಂತ್ರ ಸೋತಿರಲಿಲ್ಲ, ಹೊರುವುದಕ್ಕೆ ಹೊರೆ ಇರಲಿಲ್ಲ. ಈಚಿನ ಅಮೆರಿಕದ ಸಿಎಚ್-53ಕೆ ತಲಾ 7,500 ಅಶ್ವಶಕ್ತಿಯ ಮೂರು ಎಂಜಿನ್ ಹೊತ್ತೂ ಹೊರತೂಗುವ ಹೊರೆಯನ್ನು 16 ಟನ್ ಚಿಲ್ಲರೆಗೆ ನಿಲ್ಲಿಸಿರುವುದೂ ಅದನ್ನು ಕೇಳಿದವರ ಅಗತ್ಯಕ್ಕೆ ತಕ್ಕಂತೆ. ನಮ್ಮಲ್ಲಿ ಧ್ರುವ್ ದಾಟಿ ಎಚ್‌ಎಎಲ್ ಈಗ ಮುಂದಿಟ್ಟಿರುವ ಪ್ರಸ್ತಾವ ಸುಮಾರು 13 ಟನ್ ಒಟ್ಟು ತೂಕದ್ದು. ಒಂದೊಂದೇ ಮೆಟ್ಟಿಲು ಹತ್ತುವ ಆ ಕ್ರಮ ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ಎಂಟು ರೋಟರಿನ ಡ್ರೋನ್ ಮಾದರಿಯ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಮದುವೆಮನೆಯಲ್ಲಿ ಹಾರಿಸುವ ಡ್ರೋನ್ ಪ್ರತಿ ಮೋಟಾರಿನ ವೇಗವನ್ನು ಕ್ಷಣಕ್ಷಣವೂ ಏರಿಳಿಸಿ ಸಮತೋಲನ ಕಾಯುತ್ತದೆ. ರೋಟರ್ ಹತ್ತಾರು ಮೀಟರಿನದಾದಾಗ ಅದರ ಜಡತ್ವ ದೊಡ್ಡದು, ವೇಗ ಅಷ್ಟು ಚುರುಕಾಗಿ ಬದಲಾಗದು. ಬ್ಲೇಡಿನ ಕೋನ ಬದಲಿಸುವ ವ್ಯವಸ್ಥೆ ಪ್ರತಿ ರೋಟರಿಗೂ ಬೇಕೇ ಬೇಕು. ಬ್ಯಾಟರಿಯ ಮಾತಂತೂ ಸದ್ಯಕ್ಕಿಲ್ಲ. ಎಂಐ-26 ಗಾತ್ರದ ಯಂತ್ರ ಪೂರ್ತಿ ತೂಕದಲ್ಲಿ ನಿಂತಲ್ಲೇ ತೇಲಲು 14 ಮೆಗಾವಾಟ್ ಆಸುಪಾಸು ಬೇಕು. ಅರ್ಧ ಗಂಟೆಗೆ ಏಳು ಸಾವಿರ ಯೂನಿಟ್. ಕಿಲೋಗೆ ಕಾಲು ಯೂನಿಟ್ ಹಿಡಿಯುವ ಲಿಥಿಯಂ ಸೆಲ್ಲುಗಳಾದರೆ 28 ಟನ್ ಬೇಕು, ಸೀಮೆಎಣ್ಣೆ ಜಾತಿಯ ವಿಮಾನ ಇಂಧನವಾದರೆ ಎರಡು ಟನ್ ಸಾಕು. ಬ್ಲೇಡಿನ ತುದಿಯಲ್ಲಿ ಜೆಟ್ ಇಟ್ಟು ಗೇರ್‌ಬಾಕ್ಸನ್ನೇ ತೆಗೆದುಹಾಕುವ ಉಪಾಯವನ್ನು 1952ರಲ್ಲಿ ಹಾರಿದ ಹ್ಯೂಸ್ ಎಕ್ಸ್‌ಎಚ್-17 ಮಾಡಿ ತೋರಿಸಿತು. ಅದು ಇಂಧನ ಕುಡಿದ ಪರಿಗೆ ಹಾರಾಟದ ದೂರ ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಮರಳುವಷ್ಟೂ ಇರಲಿಲ್ಲ.

ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆಂಬುದು ಪೂರ್ತಿ ನಿಜವಲ್ಲ. ಎಂಜಿನ್ ನಿಂತರೂ ಗೇರ್‌ಬಾಕ್ಸಿನ ಫ್ರೀವೀಲ್ ರೋಟರನ್ನು ಬಿಡಿಸಿಕೊಡುತ್ತದೆ, ಕೆಳಗಿನಿಂದ ಬರುವ ಗಾಳಿಗೆ ಅದು ಸುತ್ತುತ್ತಲೇ ಇದ್ದು ಪೈಲಟ್ ಇಳಿಸಬಹುದು. ಆದರೆ ನೆಲಕ್ಕೆ ಹತ್ತಿರ, ಮುಂದಿನ ವೇಗವಿಲ್ಲದೆ, ತೂಗುಹೊರೆಯೊಂದಿಗೆ ತೇಲುತ್ತಿರುವಾಗ ಇದಕ್ಕೆ ಅವಕಾಶ ಬಹಳ ಕಡಿಮೆ, ಭಾರ ಎತ್ತುವ ಯಂತ್ರ ತನ್ನ ಕೆಲಸ ಮಾಡುವುದೇ ಆ ಸ್ಥಿತಿಯಲ್ಲಿ. ಆದ್ದರಿಂದಲೇ ಮೂರು ಎಂಜಿನ್ ಇರಲಿ ಎನ್ನುತ್ತೇನೆ. ಒಂದು ನಿಂತಾಗ ಮೂರನೆಯ ಎರಡು ಭಾಗ ಉಳಿಯುತ್ತದೆ, ಪೈಲಟ್ ಹೊರೆ ಕಳಚಿ ಯಂತ್ರವನ್ನೂ ಜನರನ್ನೂ ಉಳಿಸಬಹುದು.

ಲೆಕ್ಕವನ್ನು ಸಮುದ್ರಮಟ್ಟದ ಪಠ್ಯಪುಸ್ತಕದ ಗಾಳಿಯಲ್ಲಿ ಮುಗಿಸಬೇಡಿ ಎಂದು ಮಕ್ಕಳಿಗೆ ಒತ್ತಿ ಹೇಳಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದಾಗ ಇಲ್ಲಿನ ಗಾಳಿಯ ಸಾಂದ್ರತೆ 1,700 ಮೀಟರ್ ಎತ್ತರದ ಪ್ರಮಾಣಿತ ಗಾಳಿಯಷ್ಟೇ, ಅಂದರೆ ಸಮುದ್ರಮಟ್ಟಕ್ಕಿಂತ ಶೇ 15ರಷ್ಟು ತೆಳು. ರೋಟರಿಗೆ ಹಿಡಿತ ಕಡಿಮೆ, ಅದೇ ಹೊತ್ತಿಗೆ ಎಂಜಿನ್‌ನ ಬಲವೂ ಇಳಿಯುತ್ತದೆ. ಶಕ್ತಿಯಲ್ಲಿ ಮೀಸಲು ಇಡದೆ 84 ಟನ್ನಿಗೆ ಸರಿಯಾಗಿ ರೂಪಿಸಿದ ಯಂತ್ರ ಅಂಥ ಮಧ್ಯಾಹ್ನ ಹತ್ತು ಟನ್‌ಗೂ ಹೆಚ್ಚು ಸಾಮರ್ಥ್ಯ ಕಳೆದುಕೊಳ್ಳಬಹುದು. ಯಂತ್ರದ ಸ್ವಂತ ತೂಕ ಕಡಿಮೆಯಾಗುವುದಿಲ್ಲವಾದ್ದರಿಂದ ಆ ಹತ್ತೂ ಟನ್ ಹೊರೆಯಿಂದಲೇ ಹೋಗುತ್ತದೆ.

ಹೀಗಾಗಿ ಮೂವತ್ತು ಟನ್ ಎಂಬ ಅಂಕಿ ಎಲ್ಲಿಂದ ಬಂತೆಂದು ಅವರನ್ನು ಕೇಳಿ. ಸಾಮಾನ್ಯ ಜೆಸಿಬಿ ಎಂಟು ಟನ್ ಒಳಗೇ ಇರುತ್ತದೆ, ದೊಡ್ಡ ಹಿಟಾಚಿ ಇಪ್ಪತ್ತು ಟನ್ ಸುಮಾರು. 2024ರ ಜುಲೈ 30ರ ವಯನಾಡು ಭೂಕುಸಿತದಲ್ಲಿ ಚೂರಲ್‌ಮಲದ ಸೇತುವೆ ಕೊಚ್ಚಿಹೋದಾಗ ಸೇನೆಯವರು 190 ಅಡಿ ಉದ್ದದ, 24 ಟನ್ ತಾಳುವ ಬೈಲಿ ಸೇತುವೆ (ಬಿಡಿಭಾಗಗಳನ್ನು ಜೋಡಿಸಿ ಬೇಗ ಕಟ್ಟುವ ಸೇತುವೆ) ಕಟ್ಟಿದ ಮೇಲೆ ಭಾರೀ ವಾಹನಗಳು ಸಲೀಸಾಗಿ ಆಚೆ ಹೋಗುವಂತಾಯಿತು. ಮೈಸೂರಿನಿಂದ ಅಲ್ಲಿಗೆ ನೇರ ದೂರ ನೂರು ಕಿಲೋಮೀಟರ್ ಆಸುಪಾಸು. ‘ಮೈಸೂರಿನಿಂದ ನೂರು ಕಿಲೋಮೀಟರ್ ದೂರಕ್ಕೆ, ಬೇಸಿಗೆಯ ಮಧ್ಯಾಹ್ನವೂ ಇಪ್ಪತ್ತು ಟನ್’ ಎಂದು ಗುರಿಯನ್ನು ಬರೆದುಕೊಂಡರೆ ಅದು ಒಂದು ನಿಜವಾದ ಕೆಲಸಕ್ಕೆ ಹೊಂದುವ ವಿನ್ಯಾಸವಾಗುತ್ತದೆ. ತಂಪು ಹೊತ್ತಿನಲ್ಲಿ ಅದೇ ಯಂತ್ರ ಇನ್ನಷ್ಟು ಎತ್ತುತ್ತದೆ. ಮೋಡ ನೆಲಕ್ಕೆ ತಾಗಿರುವ ಮಳೆಯಲ್ಲಿ ತೂಗುಹೊರೆ ಹೊತ್ತು ಘಟ್ಟದಲ್ಲಿ ಹಾರಲಾಗದು ಎಂಬುದನ್ನೂ ವರದಿಯಲ್ಲಿ ಮುಚ್ಚಿಡದೆ ಬರೆಯಲಿ.

ನಿಮ್ಮ ವರ್ಕ್‌ಶಾಪಿನಿಂದಲೂ ಈ ಪ್ರಾಜೆಕ್ಟಿಗೆ ದೊಡ್ಡ ಉಪಕಾರ ಸಾಧ್ಯ. ಎಂಐ-26ರ ಗೇರ್‌ಬಾಕ್ಸ್ ಎಂಜಿನ್‌ನ ಶಕ್ತಿಯನ್ನು ಹಲವು ದಾರಿಗಳಿಗೆ ಒಡೆದು, ಕೊನೆಯಲ್ಲಿ ಒಂದು ದೊಡ್ಡ ಗೇರಿಗೆ ಕೂಡಿಸುತ್ತದೆ. ಪ್ರತಿ ಹಲ್ಲಿನ ಮೇಲಿನ ಹೊರೆ ಇದರಿಂದ ತಗ್ಗುತ್ತದೆ. ತೊಡಕೆಂದರೆ, ಹಲ್ಲು ಕತ್ತರಿಸುವಾಗಿನ ಕೂದಲೆಳೆಯಷ್ಟು ತಪ್ಪಿಗೂ ಒಂದು ದಾರಿ ಹೆಚ್ಚು ಹೊರೆ ಹೊತ್ತು ಇನ್ನೊಂದು ಸುಮ್ಮನೆ ತಿರುಗುತ್ತದೆ. ಒಂದು ಪಿನಿಯನ್, ಅದರ ಎರಡೂ ಬದಿಗೆ ಒಂದೊಂದು ಗೇರ್, ಅವೆರಡೂ ಸೇರಿ ಓಡಿಸುವ ಒಂದು ದೊಡ್ಡ ಗೇರ್, ಇಷ್ಟನ್ನು ನೀವು ಕತ್ತರಿಸಿಕೊಡಿ. ಮಧ್ಯದ ಶಾಫ್ಟುಗಳಿಗೆ ಸ್ಟ್ರೈನ್ ಗೇಜ್ (ಹೊರೆಗೆ ಲೋಹ ಎಷ್ಟು ಹಿಗ್ಗಿತೆಂದು ಅಳೆಯುವ ಪಟ್ಟಿ) ಅಂಟಿಸಿ ಹೊರೆ ಹೇಗೆ ಹಂಚಿಹೋಗುತ್ತದೆಂದು ಮಕ್ಕಳು ಅಳೆಯಲಿ. ಅನಂತರ ಅದೇ ಜಾಗಕ್ಕೆ ಉದ್ದನೆಯ, ತಿರುಚಿದರೆ ತುಸು ಮಣಿಯುವ ಶಾಫ್ಟ್ ಹಾಕಿ ಮತ್ತೆ ಅಳೆಯಲಿ. ಇಡೀ ಹೆಲಿಕಾಪ್ಟರಿನ ಬಣ್ಣದ ಚಿತ್ರಕ್ಕಿಂತ ಈ ಒಂದು ಅಳತೆ ಹೆಚ್ಚು ತೂಗುತ್ತದೆ, ಕೆಲಸ ಕೊಡುವವರೂ ಅದನ್ನೇ ನೋಡುತ್ತಾರೆ.

ಉಳಿದದ್ದು ಗಾಳಿಯ ಪ್ರಶ್ನೆ, ಇದರಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಎಂಐ-26ರಷ್ಟು ತೂಕ ಆ ಅಳತೆಯ ರೋಟರಿನ ಮೇಲಿದ್ದಾಗ ಕೆಳಗೆ ನುಗ್ಗುವ ಗಾಳಿಯ ವೇಗ ಗಂಟೆಗೆ 120 ಕಿಲೋಮೀಟರ್ ಸಮೀಪಿಸುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಹೆಂಚು, ಸಿಮೆಂಟ್ ಶೀಟು, ಹುಲ್ಲಿನ ಬಣವೆ ನಿಲ್ಲುವುದಿಲ್ಲ, ಕಟಾವಿಗೆ ಬಂದ ಕಬ್ಬು ಮಲಗುತ್ತದೆ. ರೋಟರಿನ ವಿಸ್ತೀರ್ಣ ಕುಗ್ಗಿಸಿ ಯಂತ್ರವನ್ನು ಪುಟ್ಟದಾಗಿಸಿದರೆ ಈ ವೇಗ ಇನ್ನೂ ಏರುತ್ತದೆ, ಆದ್ದರಿಂದ ರೋಟರ್ ಅಳತೆಯಲ್ಲಿ ಜಿಪುಣತನ ಬೇಡ. ಯಂತ್ರ ಇಳಿಯದೆ, ಉದ್ದನೆಯ ಹಗ್ಗದಲ್ಲಿ ಹೊರೆ ಇಳಿಸಿ ಹೋಗುವ ಕ್ರಮವನ್ನು ಅವರು ಆರಿಸಿಕೊಳ್ಳಲಿ. ರೋಟರ್ ನೆಲದಿಂದ ಎತ್ತರವಿದ್ದಷ್ಟೂ ಗಾಳಿಯ ಹೊಡೆತ ಹರಡಿ ತಗ್ಗುತ್ತದೆ. ಹಾಗೆ ಮಾಡುವಾಗ ಕೊಕ್ಕೆಯಲ್ಲಿ ಸ್ಥಾಯೀ ವಿದ್ಯುತ್ ಶೇಖರವಾಗಿರುತ್ತದೆ. ಅರ್ಥಿಂಗ್ ಸಲಾಕೆ ತಾಗಿಸಿದ ನಂತರವೇ ನೆಲದ ಮೇಲಿರುವವರು ಅದನ್ನು ಮುಟ್ಟಬೇಕು. ಸುತ್ತ ಎಷ್ಟು ಜಾಗ ತೆರವಾಗಿರಬೇಕು, ಜನ ಎಷ್ಟು ದೂರ ನಿಲ್ಲಬೇಕು ಎಂಬ ನಕ್ಷೆಯನ್ನು ವಿನ್ಯಾಸದ ಭಾಗವಾಗಿಯೇ ಬರೆದು ವರದಿಗೆ ಸೇರಿಸಲಿ.